ಲೋಕ ಸುತ್ತಿದವರ ಪಂಚಾಂಗ

ದೇಶಸಂಚಾರ ಮಾಡಿದವರು ತಮ್ಮದೇ ಆದ ಸಂಘವೊಂದನ್ನು ಕಟ್ಟಿಕೊಂಡು, ವರ್ಷದುದ್ದಕ್ಕೂ ಗೊತ್ತುಪಡಿಸಿದ ದಿನಗಳಲ್ಲಿ ಕೂಡಿ ಉಣ್ಣುವ, ಉಪನ್ಯಾಸ ಕೇಳುವ, ಹೊಸಬರನ್ನು ಬರಮಾಡಿಕೊಳ್ಳುವ ಪದ್ಧತಿ ಲಂಡನ್, ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳಲ್ಲಿ ಸುಮಾರು ಎರಡು ಶತಮಾನಗಳಿಂದ ಬೆಳೆದುಬಂದಿದೆ. ಇಂಥ ಸಂಘಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಸದಸ್ಯರು ಕಂಡ ದೇಶಗಳ ಸಂಖ್ಯೆಯಲ್ಲೇ ತೊಡಗಿರುತ್ತವೆ. ಅವರು ಕೂಡುವ ದಿನಗಳನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆಯೇ ಎಂಬ ಪ್ರಶ್ನೆಯ ಸುತ್ತ ಇಬ್ಬರ ನಡುವೆ ನಡೆದ ವಾದವನ್ನು ಇಲ್ಲಿ ಬರೆದಿಡಲಾಗಿದೆ. ಹಿರಿಯರು ಭೂಗೋಳವನ್ನು ಕಲಿಸಿ ನಿವೃತ್ತರಾದವರು. ಕಿರಿಯರು ಪ್ರವಾಸಿ ಸಂಘಗಳ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವವರು.

ಕಿರಿಯರು: ಈ ಬಗೆಯ ಸಂಘಗಳಲ್ಲಿ ಇಂದು ಹೆಚ್ಚು ಹೆಸರಾಗಿರುವುದು 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಟ್ರಾವೆಲರ್ಸ್ ಸೆಂಚುರಿ ಕ್ಲಬ್. ಅದು ಹೆಸರಿಗೆ ತಕ್ಕಂತೆ ಶತಕ ಪೂರೈಸಿದವರ ಕೂಟ. ನೂರು ದೇಶಗಳನ್ನೋ ಪ್ರದೇಶಗಳನ್ನೋ ಕಂಡವರಿಗಷ್ಟೇ ಪೂರ್ಣ ಸದಸ್ಯತ್ವ, 75 ದಾಟಿದವರಿಗೆ ತಾತ್ಕಾಲಿಕ ಸದಸ್ಯತ್ವ, ನೂರೈವತ್ತಕ್ಕೆ ಬೆಳ್ಳಿ, ಇನ್ನೂರಕ್ಕೆ ಚಿನ್ನ, ಇನ್ನೂರೈವತ್ತಕ್ಕೆ ಪ್ಲಾಟಿನಂ ಎಂದು ಮೆಟ್ಟಿಲುಗಳನ್ನು ಕಟ್ಟಲಾಗಿದೆ.

ಹಿರಿಯರು: ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳೇ 193 ಇರುವಾಗ ಇನ್ನೂರರ ಮೆಟ್ಟಿಲನ್ನು ಯಾವ ಭೂಗೋಳದ ಮೇಲೆ ಕಟ್ಟಿದ್ದಾರೆಂಬುದನ್ನು ಮೊದಲು ವಿವರಿಸಿ.

ಕಿರಿಯರು: ಅದಕ್ಕೆ ಕ್ಲಬ್ಬಿನವರ ಪ್ರತ್ಯೇಕ ಪಟ್ಟಿಯಿದೆ; ಅದರಲ್ಲಿ 330ರ ಆಸುಪಾಸು ಹೆಸರುಗಳಿವೆ. ಮೂಲದೇಶದಿಂದ ರಾಜಕೀಯವಾಗಿಯೋ, ಭೌಗೋಳಿಕವಾಗಿಯೋ, ಜನಾಂಗದ ದೃಷ್ಟಿಯಿಂದಲೋ ಬೇರೆಯಾಗಿ ನಿಂತ ಪ್ರದೇಶ ಯಾವುದೇ ಇರಲಿ, ಅದನ್ನು ಪಟ್ಟಿಯಲ್ಲಿ ಬೇರೆಯಾಗಿಯೇ ಎಣಿಸಬೇಕೆಂಬುದು ಅವರ ಸೂತ್ರ. ಹೀಗಾಗಿ ಅಲಾಸ್ಕಾ, ಹವಾಯಿಗಳು ಅಮೆರಿಕದಿಂದ ಬೇರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಬೇರೆ. ತುರ್ಕಿಯ ಯೂರೋಪಿನ ಭಾಗ ಒಂದು, ಏಷ್ಯಾದ ಭಾಗ ಇನ್ನೊಂದು. ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ರಾಷ್ಟ್ರವಾದರೂ ಅದರ ಏಳು ಸಂಸ್ಥಾನಗಳು ಏಳು ಹೆಸರುಗಳಾಗಿ ಬರುತ್ತವೆ. ಭಾರತದ ಮಟ್ಟಿಗೆ ಸಿಕ್ಕಿಂ, ಕಾಶ್ಮೀರ, ಅಂಡಮಾನ್-ನಿಕೋಬಾರ್, ಲಕ್ಷದ್ವೀಪ ಇವು ಭಾರತವೆಂಬ ಹೆಸರಿನ ಜೊತೆಗೆ ಪ್ರತ್ಯೇಕವಾಗಿ ಎಣಿಕೆಗೆ ಸಿಗುತ್ತವೆ.

ಹಿರಿಯರು: ಹಾಗಾದರೆ ದುಬೈಯಲ್ಲಿ ಕೆಲಸಕ್ಕಿರುವ ಕನ್ನಡಿಗರೊಬ್ಬರು ರಜೆಯ ದಿನ ಬೆಳಗ್ಗೆ ಕಾರು ಹತ್ತಿದರೆ ರಾತ್ರಿಯೂಟದ ಹೊತ್ತಿಗೆ ಏಳು ದೇಶ ಸುತ್ತಿ ಬಂದವರಾಗುತ್ತಾರೆ. ಇನ್ನು, ಒಂದು ಪ್ರದೇಶವನ್ನು ಕಂಡಂತಾಗಲು ಅಲ್ಲಿ ಎಷ್ಟು ಹೊತ್ತು ಇರಬೇಕೆಂಬ ನಿಯಮವೇನಾದರೂ ಇದೆಯೇ?

ಕಿರಿಯರು: ಇಲ್ಲವೆಂದೇ ಹೇಳಬೇಕು. ಹಡಗು ಬಂದರಿಗೆ ಬಂದಾಗ ಇಳಿದರೂ ಸಾಕು, ವಿಮಾನ ಇಂಧನ ತುಂಬಿಸಿಕೊಳ್ಳಲು ನಿಂತದ್ದೂ ಲೆಕ್ಕಕ್ಕೆ ಬರುತ್ತದೆ. ಈ ಸಡಿಲಿಕೆಯನ್ನು ಹಲವರು ಹಾಸ್ಯ ಮಾಡಿದ್ದಾರೆ. ಆದರೆ ಅದನ್ನು ಅಪರಾಧವೆಂದು ತೀರ್ಮಾನಿಸುವ ಮೊದಲು ತಾವು ಒಂದು ಅಂಶವನ್ನು ಗಮನಿಸಬೇಕು. ಸಂಖ್ಯೆ ಈ ಕ್ಲಬ್ಬಿನ ಬಾಗಿಲಷ್ಟೇ, ಮನೆಯಲ್ಲ. ಒಳಗೆ ನಡೆಯುವುದು ಮಧ್ಯಾಹ್ನದ ಊಟದ ಕೂಟಗಳು, ಪ್ರವಾಸದಿಂದ ಮರಳಿದವರ ಚಿತ್ರಸಹಿತ ಉಪನ್ಯಾಸಗಳು, ಬೇರೆ ಬೇರೆ ನಗರಗಳ ಶಾಖೆಗಳ ಸಭೆಗಳು. ನೂರು ದೇಶ ಕಂಡವರಿಗೆ ದೇಶಗಳ ಕೊರತೆಯಿರುವುದಿಲ್ಲ, ಕೇಳುವವರ ಕೊರತೆಯಿರುತ್ತದೆ. ಒಮ್ಮೆ ಹೋಗಿಬಂದ ಊರಿನ ಕಥೆಯನ್ನು ನೆಂಟರಿಷ್ಟರು ಒಂದು ಸಲ ಸಂತೋಷದಿಂದ, ಎರಡನೆಯ ಸಲ ಸೌಜನ್ಯದಿಂದ ಕೇಳಿ, ಮೂರನೆಯ ಸಲ ಎದ್ದುಹೋಗುತ್ತಾರೆ. ಕ್ಲಬ್ಬಿನ ವಾರ್ಷಿಕ ಕಾರ್ಯಕ್ರಮವೆಂಬುದು ಈ ಕೇಳುಗರನ್ನು ಒದಗಿಸುವ ಏರ್ಪಾಡು.

ಹಿರಿಯರು: ದೇಶ ಸುತ್ತು, ಕೋಶ ಓದು ಎಂದ ಗಾದೆ ಸುತ್ತಿ ಬಂದವನು ಎಲ್ಲರಿಗೂ ಹೇಳಲಿ ಎಂದು ಎಲ್ಲೂ ಹೇಳಿಲ್ಲ, ಆ ಗಾದೆ ಕಟ್ಟಿದವರಿಗೆ ಲೋಕಾನುಭವವಿತ್ತು. ಅದಿರಲಿ. ಕೇಳುಗರನ್ನು ಒದಗಿಸುವುದೇ ಉದ್ದೇಶವಾದರೆ ವರ್ಷಕ್ಕೊಂದು ಸಮ್ಮೇಳನ ಸಾಲದೇ, ಇಷ್ಟೊಂದು ಕೂಟಗಳೇಕೆ ಎಂಬುದಕ್ಕೆ ಕಾರಣ ಹುಡುಕಬೇಕಾದರೆ ಲಾಸ್ ಏಂಜಲೀಸಿಗಿಂತ ಹಿಂದಕ್ಕೆ, ಲಂಡನ್ನಿಗೆ ಹೋಗಬೇಕಾಗುತ್ತದೆ.

ಕಿರಿಯರು: ಅಲ್ಲಿನ ಟ್ರಾವೆಲರ್ಸ್ ಕ್ಲಬ್ 1819ರಲ್ಲಿ ಆರಂಭವಾಯಿತು. ಬ್ರಿಟಿಷ್ ದ್ವೀಪಗಳ ಹೊರಗೆ, ಲಂಡನ್ನಿನಿಂದ ನೇರ ಗೆರೆಯಲ್ಲಿ ಕನಿಷ್ಠ 500 ಮೈಲಿ ದೂರದ ಸ್ಥಳವೊಂದಕ್ಕೆ ಹೋಗಿಬಂದವರು ಮಾತ್ರ ಸದಸ್ಯರಾಗಬಹುದೆಂಬುದು ಅದರ ಮೊದಲ ನಿಯಮ. ನೆಪೋಲಿಯನ್ನನ ಯುದ್ಧಗಳು ಮುಗಿದು ಯೂರೋಪಿನ ದಾರಿಗಳು ತೆರೆದ ನಾಲ್ಕು ವರ್ಷಗಳಿಗೆ ಹುಟ್ಟಿದ ಸಂಘವದು. ಮುಂದೆ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ ಅದಕ್ಕೆ ಪಾಲ್ ಮಾಲ್ ಬೀದಿಯಲ್ಲಿ ಇಟಲಿಯ ಅರಮನೆಗಳ ಮಾದರಿಯ ಕಟ್ಟಡವನ್ನು ರೂಪಿಸಿದರು.

ಹಿರಿಯರು: 500 ಮೈಲಿಯೆಂದರೆ 800 ಕಿಲೋಮೀಟರು. ಅದೇ ಅಳತೆಯನ್ನು ಬೆಂಗಳೂರಿನಿಂದ ಹಿಡಿದರೆ ಮುಂಬಯಿಗೆ ಹೋಗಿಬಂದವರೆಲ್ಲ ಅರ್ಹರು. ರೈಲು ಬರುವ ಮೊದಲು ಮೈಸೂರು ಸೀಮೆಯಿಂದ ಕಾಲ್ನಡಿಗೆಯಲ್ಲಿ ಕಾಶಿಗೆ ಹೋದವರಂತೂ ಆ ಗೆರೆಯನ್ನು ದಾಟಿ ಎಷ್ಟೋ ಮುಂದೆ ಹೋದವರು. ಅವರು ಮರಳಿದ ಮೇಲೆ ನಡೆಯುತ್ತಿದ್ದ ಗಂಗಾ ಸಮಾರಾಧನೆಯೂ ಒಂದು ಪ್ರವಾಸಿಕೂಟವೇ. ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ತಂದ ಗಂಗೆಯನ್ನು ಪೂಜಿಸಿ, ಬಂಧುಗಳೆದುರಿಗೆ ಅದನ್ನು ಒಡೆದು ತೀರ್ಥವಾಗಿ ಹಂಚಿ, ಊರಿಗೆ ಊಟ ಹಾಕಿಸುವ ಕ್ರಮವನ್ನು ಸಮಾರಾಧನೆಯೆನ್ನುತ್ತಾರೆ. ಆ ಬೆಸುಗೆ ನೀರು ಚೆಲ್ಲದಿರಲೆಂದು ಹಾಕಿದ್ದಷ್ಟೇ ಅಲ್ಲ. ಒಳಗಿರುವುದು ದಾರಿಯ ಬಾವಿಯ ನೀರಲ್ಲವೆಂಬುದಕ್ಕೂ ಅದೇ ಸಾಕ್ಷಿ.

ಕಿರಿಯರು: ತಾವು ಹೇಳಿದ ಸಾಕ್ಷಿಯ ಮಾತು ಲಂಡನ್ನಿನ ಇನ್ನೊಂದು ಕೂಟಕ್ಕೆ ಅಕ್ಷರಶಃ ಹೊಂದುತ್ತದೆ. 1820ರ ದಶಕದ ಉತ್ತರಾರ್ಧದಲ್ಲಿ ಆರ್ಥರ್ ಡಿ ಕ್ಯಾಪೆಲ್ ಬ್ರೂಕ್ ಎಂಬ, ಉತ್ತರ ಧ್ರುವದ ಕಡೆಯ ನಾಡುಗಳಲ್ಲಿ ಸಂಚರಿಸಿದ್ದ ಕ್ಯಾಪ್ಟನ್ ಒಬ್ಬರು ರಾಲಿ ಕ್ಲಬ್ ಎಂಬ ಊಟದ ಕೂಟವನ್ನು ಕಟ್ಟಿದರು. ಭೂಮಂಡಲವನ್ನು ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗಕ್ಕೂ ಅಲ್ಲಿ ತಿರುಗಾಡಿದ ಸದಸ್ಯರೊಬ್ಬರಾದರೂ ಇರಬೇಕೆಂಬುದು ಅದರ ಕಲ್ಪನೆ. ಆರಂಭದ ಊಟಕ್ಕೆ ಬ್ರೂಕ್ ತಾವು ಕಂಡ ನಾಡುಗಳಿಂದಲೇ ಸಾಮಗ್ರಿ ತರಿಸಿದ್ದರು: ಸ್ಪಿಟ್ಸ್‌ಬರ್ಗನ್ ದ್ವೀಪದ ಹಿಮಸಾರಂಗದ ಮಾಂಸ, ಸ್ವೀಡನ್ನಿನ ಬ್ರಾಂದಿ, ನಾರ್ವೆಯ ಗಿಣ್ಣು, ಲ್ಯಾಪ್‌ಲ್ಯಾಂಡಿನ ಕಾಡುಹಣ್ಣು. ಬರಿಯ ಮಾತನ್ನು ನಂಬದವರಿಗೆ ತಟ್ಟೆಯಲ್ಲೇ ಪ್ರಮಾಣ ಬಡಿಸಿದಂತಾಯಿತು. ಈ ಊಟದ ಗೆಳೆಯರ ನಡುವೆ ಹುಟ್ಟಿದ ಆಲೋಚನೆಯೇ ಬೆಳೆದು 1830ರಲ್ಲಿ ಲಂಡನ್ನಿನ ಭೂಗೋಳ ಸಂಘವಾಯಿತು. ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಎಂದು ಹೆಸರಾಗಿರುವುದು ಅದೇ.

ಹಿರಿಯರು: ಗಣ್ಯವಾದ ವಿದ್ವತ್ಸಂಸ್ಥೆಯೊಂದರ ಬೇರು ಊಟದ ಮೇಜಿನ ಕೆಳಗೆ ಸಿಕ್ಕುವುದು ಆಶ್ಚರ್ಯವೇನಲ್ಲ. ಆದರೆ ಭೂಗೋಳ ಸಂಘದ ಪಂಚಾಂಗವನ್ನು ನೋಡಿದ್ದೀರಾ? ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಸಭೆಗಳ ಋತು ನವೆಂಬರಿನಲ್ಲಿ ತೊಡಗಿ ಜೂನ್ ಹೊತ್ತಿಗೆ ಮುಗಿಯುತ್ತಿತ್ತು. ಲಂಡನ್ನಿನ ಚಳಿಗಾಲದ ಉದ್ದನೆಯ ರಾತ್ರಿಗಳು ಕೇಳುವುದಕ್ಕೆ, ಬೇಸಗೆಯ ಉದ್ದನೆಯ ಹಗಲುಗಳು ಊರು ಬಿಡುವುದಕ್ಕೆ. ಯಾರು ಯಾವಾಗ ಊರಲ್ಲಿರುತ್ತಾರೆಂಬುದರ ಮೇಲೆ ಸಭೆಯ ದಿನ ನಿಂತಿರುತ್ತದೆ. ಆದ್ದರಿಂದ ಸಭೆಯ ದಿನಗಳನ್ನು ಓದಿದರೆ ಸದಸ್ಯರಾರೆಂಬುದು ತಾನಾಗಿ ತಿಳಿಯುತ್ತದೆ. ದೇಶಗಳ ಪಟ್ಟಿಯಿಂದ ಅದು ತಿಳಿಯುವುದಿಲ್ಲ.

ಕಿರಿಯರು: ಲಂಡನ್ನಿನಲ್ಲೇ ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹುಟ್ಟಿದ ಗ್ಲೋಬ್‌ಟ್ರಾಟರ್ಸ್ ಕ್ಲಬ್ ಈ ಮಾತಿಗೆ ಇನ್ನೊಂದು ಉದಾಹರಣೆ. ಕಡಿಮೆ ಖರ್ಚಿನಲ್ಲಿ, ಸ್ವಂತ ಜವಾಬ್ದಾರಿಯಲ್ಲಿ ತಿರುಗುವವರ ಕೂಟವದು. ನೂರರ ತಕ್ಕಡಿಯಿಲ್ಲ, 500 ಮೈಲಿಯ ಗೆರೆಯೂ ಇಲ್ಲ. ತಿಂಗಳಿಗೊಂದು ಶನಿವಾರ ಸೇರಿ ಮಾತು ಕೇಳುತ್ತಾರೆ, ಆಗಸ್ಟ್‌ನಲ್ಲಿ ಮಾತ್ರ ಸಭೆಯಿಲ್ಲ. ಅದು ಯೂರೋಪಿನಲ್ಲಿ ರಜೆಯ ತಿಂಗಳು. ಸಭೆ ಕರೆದರೆ ಬರುವವರು ಸಿಗುವುದು ಕಷ್ಟ.

ಹಿರಿಯರು: ಆ ಆಗಸ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈಗ ಸಾಕ್ಷಿಯ ಮಾತಿಗೇ ಮರಳೋಣ. ಹಿಮಸಾರಂಗದ ಮಾಂಸ ನಿಜವೇ ಇದ್ದೀತು. ಎಲ್ಲ ಮೇಜುಗಳ ಮೇಲೂ ನಿಜವೇ ಬಡಿಸಲ್ಪಟ್ಟಿದೆಯೇ?

ಕಿರಿಯರು: ಇಲ್ಲ. ಅದಕ್ಕೆ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನ ಕಥೆಯನ್ನು ಹೇಳಬೇಕು. ಅದು 1904ರಲ್ಲಿ ಸ್ಥಾಪನೆಯಾದ, ಅನ್ವೇಷಕರ ಸಂಘ. ಅದರ ವಾರ್ಷಿಕ ಭೋಜನ ಲೋಕಪ್ರಸಿದ್ಧ. ಸಾಮಾನ್ಯರ ಅಡುಗೆಮನೆಗೆ ಬಾರದ ಜೇಡ, ಚೇಳುಗಳಂಥ ಪದಾರ್ಥಗಳನ್ನು ಊಟಕ್ಕೆ ಮೊದಲು ಬಡಿಸುವುದು ಅದರ ಸಂಪ್ರದಾಯ. 1951ರ ಜನವರಿ 13ರಂದು ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಭೋಜನದಲ್ಲಿ ಇತಿಹಾಸಪೂರ್ವ ಪ್ರಾಣಿಯೊಂದರ, ಹಿಮದಲ್ಲಿ ಹೂತು ಕೆಡದೆ ಉಳಿದಿದ್ದ ಮಾಂಸವನ್ನು ಬಡಿಸಲಾಯಿತೆಂಬ ಸುದ್ದಿ ಹರಡಿತು. ಆ ಪ್ರಾಣಿ ಮ್ಯಾಮತ್, ಅಂದರೆ ಅಳಿದುಹೋದ ಉಣ್ಣೆಯ ಆನೆ, ಎಂದು ಜನ ದಶಕಗಳ ಕಾಲ ನಂಬಿದರು.

ಹಿರಿಯರು: ನಂಬಿದವರಲ್ಲಿ ಉಂಡವರೂ ಇದ್ದರು ಎಂಬುದು ಗಮನಾರ್ಹ.

ಕಿರಿಯರು: ಸತ್ಯ ಹೊರಬಂದದ್ದು ಊಟಕ್ಕೆ ಬಾರದವರೊಬ್ಬರಿಂದ. ಕನೆಕ್ಟಿಕಟ್‌ನ ಬ್ರೂಸ್ ಮ್ಯೂಸಿಯಂನ ಪಾಲ್ ಗ್ರಿಸ್‌ವೋಲ್ಡ್ ಹೋವ್ಸ್ ಅವರಿಗೆ ಆ ರಾತ್ರಿ ಬರಲಾಗಲಿಲ್ಲ. ಭೋಜನದ ಪ್ರಚಾರದ ಹೊಣೆ ಹೊತ್ತಿದ್ದ ವೆಂಡೆಲ್ ಫಿಲಿಪ್ಸ್ ಡಾಡ್ಜ್, ಹೋವ್ಸ್ ಅವರ ಪಾಲಿನ ತುಂಡನ್ನು ಕಳಿಸಿಕೊಟ್ಟರು. ಹೋವ್ಸ್ ಅದನ್ನು ತಿನ್ನದೆ ಸೀಸೆಯಲ್ಲಿ ರಕ್ಷಿಸಿ ಸಂಗ್ರಹಾಲಯಕ್ಕೆ ಸೇರಿಸಿದರು. ಅದರ ಚೀಟಿಯಲ್ಲಿದ್ದದ್ದು ಮ್ಯಾಮತ್ ಅಲ್ಲ, ಮೆಗಥೀರಿಯಂ. ಎಂದೋ ಅಳಿದುಹೋದ, ನೆಲದ ಮೇಲೆ ಬದುಕುತ್ತಿದ್ದ ಭಾರಿ ಗಾತ್ರದ ಸ್ಲಾತ್‌ನ ಹೆಸರು ಅದು. ಆ ಸೀಸೆ ಮುಂದೆ ಯೇಲ್ ವಿಶ್ವವಿದ್ಯಾಲಯದ ಪೀಬಡಿ ಮ್ಯೂಸಿಯಂಗೆ ಹೋಯಿತು. ಅಲ್ಲಿನ ಸಂಶೋಧಕರು ತುಂಡಿನ ಡಿಎನ್‌ಎ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಮ್ಯಾಮತ್ತೂ ಅಲ್ಲ, ಮೆಗಥೀರಿಯಮ್ಮೂ ಅಲ್ಲ, ಹಸಿರು ಕಡಲಾಮೆ. ಡಾಡ್ಜ್ ಅವರೇ ಆ ಕಾಲಕ್ಕೆ, ಹಿಂದೂ ಮಹಾಸಾಗರದ ಆಮೆಯನ್ನು ಸ್ಲಾತ್ ಆಗಿ ಮಾರ್ಪಡಿಸುವ ಮದ್ದು ತಮಗೆ ಸಿಕ್ಕಿರಬಹುದೆಂಬರ್ಥದ ತಮಾಷೆಯ ಸೂಚನೆ ಕೊಟ್ಟಿದ್ದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿರಿಯರು: ಗಂಗೆಯ ಗಿಂಡಿಗೆ ಹಾಕುವ ಬೆಸುಗೆಯ ಬೆಲೆ ಇಲ್ಲಿ ಅರ್ಥವಾಗಬೇಕು. ಈ ಪ್ರಸಂಗದಿಂದ ಪ್ರವಾಸಿಗಳು ಸುಳ್ಳು ಹೇಳುತ್ತಾರೆಂಬ ಹಳೆಯ ಆಪಾದನೆಗೆ ಬಲ ಬರುತ್ತದೆಂದು ಕೆಲವರು ವಾದಿಸಬಹುದು. ಅದು ಅವಸರದ ಮಾತು. ಆ ಭೋಜನ ವರ್ಷಕ್ಕೊಮ್ಮೆ ನಡೆಯುವ ವೈಭವದ ಕೂಟ. ಹೊರಗಿನ ಅತಿಥಿಗಳು, ಪತ್ರಿಕೆಯವರು ಸೇರುವ ರಾತ್ರಿ. ಅಲ್ಲಿ ಪ್ರದರ್ಶನಕ್ಕೆ ಮನ್ನಣೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಇಪ್ಪತ್ತು ಮೂವತ್ತು ಮಂದಿ ಸೇರುವ ಸಣ್ಣ ಊಟದಲ್ಲಿ ಅದೇ ಸುಳ್ಳು ನಿಲ್ಲುತ್ತಿರಲಿಲ್ಲ. ಒಬ್ಬರು ಒಂದು ದ್ವೀಪದ ಬಂದರಿನಲ್ಲಿಳಿದೆನೆಂದು ಹೇಳಿದರೆ ಎದುರಿಗೆ ಕುಳಿತವರು ಆ ಬಂದರಿನಲ್ಲಿ ಹಡಗುಕಟ್ಟೆಯೇ ಇಲ್ಲವಲ್ಲ, ಚಿಕ್ಕ ದೋಣಿಯಲ್ಲಿ ಇಳಿಯಬೇಕಲ್ಲ ಎಂದು ಕೇಳಿಬಿಡುತ್ತಾರೆ. ನೀವು ಕೇಳುಗರನ್ನು ಒದಗಿಸುವ ಏರ್ಪಾಡು ಎಂದಿರಿ. ತಿದ್ದುವ ಕೇಳುಗರು ಎಂದು ತಿದ್ದಿಕೊಳ್ಳಿ. ಇಷ್ಟೊಂದು ಕೂಟಗಳೇಕೆಂಬ ಮೊದಲಿನ ಪ್ರಶ್ನೆಗೂ ಉತ್ತರ ಇದೇ.

ಕಿರಿಯರು: ಒಪ್ಪಬೇಕಾದ ಮಾತು. ಆದರೆ ಮೇಜಿನ ಸುತ್ತ ಕೂರಲು ಯಾರಿಗೆ ಅನುಮತಿಯಿತ್ತೆಂಬುದನ್ನೂ ಕೇಳಬೇಕಾಗುತ್ತದೆ. ಭೂಗೋಳ ಸಂಘ 1890ರ ದಶಕದ ಆರಂಭದಲ್ಲಿ 22 ಮಹಿಳೆಯರನ್ನು ಸೇರಿಸಿಕೊಂಡು, ಗದ್ದಲವೆದ್ದ ಕೂಡಲೇ ಬಾಗಿಲು ಮುಚ್ಚಿ, 1913ರಲ್ಲಷ್ಟೇ ಮತ್ತೆ ತೆರೆಯಿತು. ಎಕ್ಸ್‌ಪ್ಲೋರರ್ಸ್ ಕ್ಲಬ್ 1981ರವರೆಗೆ ಮಹಿಳೆಯರನ್ನು ಸದಸ್ಯರಾಗಿ ಸ್ವೀಕರಿಸಲಿಲ್ಲ. ಕಾಯುವುದರಲ್ಲಿ ಅರ್ಥವಿಲ್ಲವೆಂದು ಕಂಡ ನಾಲ್ವರು ಲೇಖಕಿಯರು 1925ರಲ್ಲಿ ಮಹಿಳಾ ಭೂಗೋಳಜ್ಞರ ಸಂಘವನ್ನು ತಾವೇ ಕಟ್ಟಿದರು. ಆ ನಾಲ್ವರಲ್ಲಿ ಒಬ್ಬರಾದ ಗರ್ಟ್ರೂಡ್ ಎಮರ್ಸನ್ ಅವರಿಗೂ ಭಾರತಕ್ಕೂ ಗಾಢವಾದ ನಂಟಿದೆ. ಏಷ್ಯಾ ಎಂಬ ಅಮೆರಿಕದ ಪತ್ರಿಕೆಯ ಸಂಪಾದಕವರ್ಗದಲ್ಲಿದ್ದ ಅವರು ಉತ್ತರ ಭಾರತದ ಹಳ್ಳಿಯೊಂದರಲ್ಲಿ ನೆಲೆಸಿ, ಅಲ್ಲಿನ ಬದುಕನ್ನು ಕುರಿತ ಪುಸ್ತಕವನ್ನು 1930ರಲ್ಲಿ ಹೊರತಂದರು. ಸಸ್ಯವಿಜ್ಞಾನಿ ಬೋಶಿ ಸೇನ್ ಅವರನ್ನು ಮದುವೆಯಾಗಿ ಅಲ್ಮೋರಾದಲ್ಲಿ ಉಳಿದರು. 1976ರಲ್ಲಿ ಪದ್ಮಶ್ರೀ ಪಡೆದರು.

ಹಿರಿಯರು: ಸೆಂಚುರಿ ಕ್ಲಬ್ಬಿನ ಲೆಕ್ಕದಲ್ಲಿ ಭಾರತದಲ್ಲಿ ಕಳೆದ ಆ ಅರ್ಧ ಶತಮಾನಕ್ಕೆ ಸಿಗುವುದು ಒಂದು ಅಂಕ, ಅಷ್ಟೇ. ಇಂಧನಕ್ಕೆ ನಿಂತ ವಿಮಾನಕ್ಕೂ ಒಂದೇ ಅಂಕ.

ಕಿರಿಯರು: ಅಂಕದ ದೋಷ ಅಲ್ಲಿ ಸ್ಪಷ್ಟವಾಗಿದೆ. ಸಂಖ್ಯೆಯ ಬದಲು ದಾರಿಯನ್ನೇ ಅಳತೆಯಾಗಿಟ್ಟುಕೊಂಡ ಸಂಘವೂ ಉಂಟು. 1902ರಲ್ಲಿ ಹುಟ್ಟಿದ, ನ್ಯೂಯಾರ್ಕ್ ಕೇಂದ್ರವಾದ ಸರ್ಕಮ್‌ನ್ಯಾವಿಗೇಟರ್ಸ್ ಕ್ಲಬ್ ಭೂಪ್ರದಕ್ಷಿಣೆ ಮಾಡಿದವರದು. ಭೂಪಟದಲ್ಲಿ ಧ್ರುವದಿಂದ ಧ್ರುವಕ್ಕೆಳೆದ ರೇಖಾಂಶಗಳಷ್ಟನ್ನೂ ದಾಟಿದವರು ಅದರ ಸದಸ್ಯರಾಗಬಹುದು. ಅವರು ಕೊಡುವ ಗೌರವಕ್ಕೆ ಆರ್ಡರ್ ಆಫ್ ಮೆಗಲನ್ ಎಂದು ಹೆಸರು.

ಹಿರಿಯರು: ಮೆಗಲನ್ 1521ರಲ್ಲಿ ಫಿಲಿಪ್ಪೀನ್ಸಿನ ಮಕ್ತಾನ್ ದ್ವೀಪದ ಕಾಳಗದಲ್ಲಿ ಸತ್ತವನು, ಆ ಯಾತ್ರೆಯಲ್ಲಿ ಪ್ರದಕ್ಷಿಣೆ ಪೂರ್ಣವಾದದ್ದು ಮರುವರ್ಷ, ವಿಕ್ಟೋರಿಯಾ ಎಂಬ ಹಡಗು ಎಲ್ಕಾನೋನ ನೇತೃತ್ವದಲ್ಲಿ 18 ಜನರನ್ನು ಹೊತ್ತು ಸ್ಪೇನಿಗೆ ಮರಳಿದಾಗ. ನಿಯಮವನ್ನು ಬಿಗಿಯಾಗಿ ಹಿಡಿದರೆ ಮೆಗಲನ್‌ನ ಅರ್ಜಿ ತಿರಸ್ಕೃತವಾಗಬೇಕು, ಬಡಕಲಾಗಿ ದಡ ಸೇರಿದ ಆ 18 ಮಂದಿಯ ಅರ್ಜಿ ಮಂಜೂರಾಗಬೇಕು. ಇದನ್ನು ಚಮತ್ಕಾರಕ್ಕಾಗಿ ಹೇಳುತ್ತಿಲ್ಲ. ಲೋಕ ಸುತ್ತಿದವರೆಂದರೆ ಮೊದಲಿನಿಂದಲೂ ಹಡಗಿನ ಆಳುಗಳು. ಬಂದರಿಗೆ ಇಳಿದದ್ದೂ ಎಣಿಕೆಗೆ ಬರುವುದಾದರೆ ವ್ಯಾಪಾರದ ಹಡಗುಗಳಲ್ಲಿ ಹತ್ತಾರು ವರ್ಷ ದುಡಿದ ಎಷ್ಟೋ ಖಲಾಸಿಗಳಿಗೆ ನೂರು ದೊಡ್ಡ ಸಂಖ್ಯೆಯಲ್ಲ. ಅವರು ಕೂಟಗಳಲ್ಲಿ ಏಕೆ ಕಾಣುವುದಿಲ್ಲ?

ಕಿರಿಯರು: ನಿಯಮದಲ್ಲಿ ಅಡ್ಡಿಯಿರುವುದಿಲ್ಲ. ಸದಸ್ಯತ್ವದ ಶುಲ್ಕ, ಊಟದ ಖರ್ಚು, ಮಾತಿನ ಮರ್ಯಾದೆ ಇವೆಲ್ಲ ಕಾರಣಗಳಿರಬಹುದು.

ಹಿರಿಯರು: ಅವೆಲ್ಲ ಇರಬಹುದು, ಅವಕ್ಕಿಂತ ಸರಳವಾದ ಕಾರಣ ಪಂಚಾಂಗದಲ್ಲಿದೆ. ವರ್ಷಕ್ಕಿಷ್ಟು ಕೂಟಗಳನ್ನು ಮುಂಚಿತವಾಗಿ ಗೊತ್ತುಪಡಿಸುವ ಸಂಘ, ಸದಸ್ಯರು ತಮ್ಮ ಇಷ್ಟದಂತೆ ಹೊರಟು ತಮ್ಮ ಇಷ್ಟದಂತೆ ಮರಳುವವರೆಂದು ಭಾವಿಸಿಕೊಂಡಿರುತ್ತದೆ. ರಜೆಯಲ್ಲಿ ಹೋಗುವವರಿಗೆ ಆ ಸ್ವಾತಂತ್ರ್ಯವುಂಟು. ಕರಾರಿನ ಮೇಲೆ ಹಡಗು ಹತ್ತಿದವರಿಗೆ ಇಲ್ಲ. ಮಾರ್ಚಿನ ಎರಡನೆಯ ಭಾನುವಾರ ಊಟವಿದೆಯೆಂಬ ಪತ್ರ ಬಂದಾಗ ಅವರು ಇನ್ನೊಂದು ಸಮುದ್ರದಲ್ಲಿರುತ್ತಾರೆ. ಪ್ರವಾಸಿಗಳ ಕ್ಲಬ್ಬೆಂದರೆ ಒಂದರ್ಥದಲ್ಲಿ ಊರಲ್ಲಿ ಇರುವವರ ಕ್ಲಬ್ಬು.

ಕಿರಿಯರು: 2020ರಲ್ಲಿ ಸಾಂಕ್ರಾಮಿಕದಿಂದ ಎಲ್ಲರೂ ಊರಲ್ಲೇ ಉಳಿದಾಗ ಇಂಥ ಕ್ಲಬ್ಬುಗಳು ಕೂಟಗಳನ್ನು ಕಂಪ್ಯೂಟರ್ ಪರದೆಗೆ ವರ್ಗಾಯಿಸಿಕೊಂಡು ನಡೆದುಕೊಂಡು ಹೋದದ್ದು ತಮ್ಮ ಮಾತಿಗೆ ಪೋಷಕವಾಗಿದೆ. ಪ್ರಯಾಣ ನಿಂತರೂ ಸಭೆ ನಿಲ್ಲಲಿಲ್ಲ.

ಹಿರಿಯರು: ಈಗ ಪಟ್ಟಿಗೆ ಮರಳಿ, ಲಕ್ಷದ್ವೀಪವೆಂಬ ಹೆಸರನ್ನು ತೆಗೆಯಿರಿ. ಸೆಂಚುರಿ ಕ್ಲಬ್ಬಿನವರಿಗೆ ಅದು ಪ್ರತ್ಯೇಕ ಅಂಕ ತರುವ, ಪ್ರವೇಶಕ್ಕೆ ಪರವಾನಗಿ ಬೇಕಾದ, ಸುಲಭವಾಗಿ ಸಿಗದ ಪ್ರದೇಶ. ಮಂಗಳೂರಿನ ಹಳೆಯ ಬಂದರಿನವರಿಗೆ ಅದು ಸರಕು ಹೋಗಿಬರುವ ಊರು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಟ್, ಬಿತ್ರ ಎಂಬ ಉತ್ತರದ ದ್ವೀಪಗಳನ್ನು ಕೂಡಿಸಿ ಅಮಿನಿದಿವಿ ಎನ್ನುತ್ತಿದ್ದರು. 1787ರಲ್ಲಿ ಅವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರ ನಂತರ ಕಂಪನಿಯ ಸರ್ಕಾರ ಅವನ್ನು ಮಂಗಳೂರಿನಿಂದ ನೋಡಿಕೊಳ್ಳತೊಡಗಿತು. ದ್ವೀಪದವರು ತೆಂಗಿನ ನಾರಿನ ಹುರಿ ತಂದೊಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು, ಅಂದರೆ ಏಕೀಕೃತ ಮೈಸೂರು ರಾಜ್ಯ ಹುಟ್ಟಿದ ದಿನವೇ, ಅವು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಮಂಗಳೂರಿನಿಂದ ಅಮಿನಿಗೆ 300 ಕಿಲೋಮೀಟರಿನ ಆಸುಪಾಸು. ಬೆಂಗಳೂರಿಗೆ ಹೋಗುವಷ್ಟೇ ದೂರ.

ಕಿರಿಯರು: ಅಗತ್ತಿ ದ್ವೀಪದ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬ ಬಳಸಿ ನಿಂತ ತಿಳಿನೀರಿನ ಹರವಿನಲ್ಲಿ, ಹಸಿರು ಕಡಲಾಮೆಗಳು ಹೇರಳ. ನ್ಯೂಯಾರ್ಕಿನವರು ಮ್ಯಾಮತ್ ಎಂದು ನಂಬಿ ತಿಂದದ್ದನ್ನು ಅಲ್ಲಿಯ ಮಕ್ಕಳು ದಡದಿಂದಲೇ ಗುರುತಿಸಿಯಾರು.

ಹಿರಿಯರು: ಇನ್ನೂ ದಕ್ಷಿಣಕ್ಕೆ ಮಿನಿಕಾಯ್ ದ್ವೀಪ. ಅಲ್ಲಿನ ಮಹಲ್ ಭಾಷೆ ಮಾಲ್ದೀವ್ಸಿನ ನುಡಿಗೆ ಒಡಹುಟ್ಟು. ಅಲ್ಲಿನ ಗಂಡಸರು ತಲೆಮಾರುಗಳಿಂದ ಲೋಕದ ಹಡಗುಗಳಲ್ಲಿ ದುಡಿಯುವುದಕ್ಕೆ ಹೆಸರಾದವರು. ಹೊರಗಿನವರೊಬ್ಬರು ತಮ್ಮ ಪಟ್ಟಿಯ ಅಂಕಕ್ಕಾಗಿ ಮಿನಿಕಾಯ್‌ನ ದಂಡೆಯಲ್ಲಿಳಿದರೆ, ಅಲ್ಲಿ ಎದುರಾಗುವ ಮುದುಕ ಅವರಿಗಿಂತ ಹೆಚ್ಚು ಬಂದರುಗಳನ್ನು ಕಂಡವನಾಗಿರುವ ಸಂಭವವಿದೆ. ಇಂಥ ಭೇಟಿಯಲ್ಲಿ ಉಪನ್ಯಾಸ ಯಾರು ಮಾಡಬೇಕೆಂಬುದನ್ನು ಕ್ಲಬ್ಬಿನ ಕಾರ್ಯಕಾರಿ ಸಮಿತಿ ತೀರ್ಮಾನಿಸಬೇಕಾದೀತು.

ಕಿರಿಯರು: ತಮ್ಮ ವಾದದ ಪ್ರಕಾರ ಅವರಿಗೂ ಒಂದು ವಾರ್ಷಿಕ ಕಾರ್ಯಕ್ರಮ ಹಾಕಬೇಕೆಂದರೆ ಅದು ಹೇಗಿರಬೇಕು? ಊಟ, ಉಪನ್ಯಾಸ, ಚಿತ್ರಪ್ರದರ್ಶನ ಇವುಗಳ ಸ್ವರೂಪವನ್ನು ಬದಲಿಸಬೇಕೇ?

ಹಿರಿಯರು: ಸ್ವರೂಪವನ್ನು ಬದಲಿಸಬೇಕಿಲ್ಲ, ಊಟವೂ ಮಾತೂ ಎಲ್ಲ ಕಡೆಯೂ ಒಂದೇ. ದಿನವನ್ನು ಬದಲಿಸಿದರೆ ಸಾಕು. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಹೇರಿಕೊಂಡು ಹೋಗುವ ದೋಣಿಗಳನ್ನು ಮಂಗಳೂರಿನಲ್ಲಿ ಮಂಜಿ ಎನ್ನುತ್ತಾರೆ. ಹಿಂದೆ ಹಾಯಿಯ ಬಲದಿಂದ ಸಾಗುತ್ತಿದ್ದ ಮರದ ಹಡಗು ಅದು, ಈಗ ಎಂಜಿನ್ನು ಕೂಡಿದೆ. ಅದರ ಚುಕ್ಕಾಣಿಯ ಯಜಮಾನನಿಗೆ ತಂಡೇಲನೆಂದು ಹೆಸರು. ಮುಂಗಾರು ಹಿಡಿಯುವ ಹೊತ್ತಿಗೆ ಕಡಲು ಕೆರಳುವುದರಿಂದ ಮಂಜಿಗಳು ದಡಕ್ಕೆ ಬರುತ್ತವೆ. ಸೆಪ್ಟೆಂಬರಿನ ಮಧ್ಯದವರೆಗೆ ಅವು ಕದಲುವಂತಿಲ್ಲ. ತಂಡೇಲರೂ ಖಲಾಸಿಗಳೂ ಆ ನಾಲ್ಕು ತಿಂಗಳು ತಂತಮ್ಮ ಊರು ಸೇರುತ್ತಾರೆ.

ಕಿರಿಯರು: ಹಾಗಾದರೆ ಲಂಡನ್ನಿನವರು ಸಭೆಯಿಲ್ಲವೆಂದು ಬಾಗಿಲು ಹಾಕುವ ತಿಂಗಳೇ ಇಲ್ಲಿ ಸಭೆಗೆ ತಕ್ಕ ತಿಂಗಳು.

ಹಿರಿಯರು: ಹೌದು. ಆಗಸ್ಟ್‌ನಲ್ಲಿ ಅವರು ಮನೆಯಲ್ಲಿರುತ್ತಾರೆ.